ಗೌರಿಯ ಸೀಟು, ನನ್ನ ಎಡಗಿವಿ

ನಮ್ಮ ಗೌರಿಗೆ ಸೀಟು ಸಿಕ್ಕಿತು! ಆಡಿಯಾಲಜಿ ಎಂ.ಎಸ್ಸಿ., ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು ನೋಡುವ ದೊಡ್ಡ ಓದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳ ಮೊಮ್ಮಗಳು, ನೋಡಿರಿ! ಇನ್ನು ಪ್ರವಾಸದ ಮಾತು.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಮೂರನೆಯ ದಿನ ಬನಾರಸಿನ ಕಂಟೋನ್ಮೆಂಟ್‌ನಲ್ಲಿ ಇಳಿದೆ. ಜೂನ್ ತಿಂಗಳು, ಕಾದ ರೊಟ್ಟಿಹಂಚಿಗೆ ಮುಖ ಒಡ್ಡಿದಂಥ ಗಾಳಿ. ಕಾಲೇಜಿನಲ್ಲಿ ಪಾಠ ಹೇಳುವ ಮಗ ಬಸವರಾಜ ಕರೆದೊಯ್ಯಲು ಬಂದಿದ್ದ. ಮನೆಯಲ್ಲಿ ಅವನ ಮಗಳು ಗೌರಿ ತಲೆಯೆತ್ತದೆ ಓದುತ್ತಿದ್ದಳು. ಬರೆಯುವ ಪರೀಕ್ಷೆ ಮುಗಿದಿತ್ತು. ನಾಲ್ಕು ದಿನಕ್ಕೆ ಸಂದರ್ಶನ. ಹೋದ ವರ್ಷ ಎಡವಿದ್ದು ಅಲ್ಲಿಯೇ. ಪುಸ್ತಕದ್ದೆಲ್ಲ ಗೊತ್ತು, ರೋಗಿಯ ಮುಂದೆ ಕುಳಿತು ರೂಢಿಯಿಲ್ಲ ಎಂದು ಸಂದರ್ಶನದವರು ಅಂದಿದ್ದರಂತೆ.

ಮರುದಿನ ಅವಳೊಡನೆ ಆಟೋದಲ್ಲಿ ಗಂಗೆಯ ಸೇತುವೆ ದಾಟಿ ರಾಮನಗರಕ್ಕೆ ಹೋದೆ. ತಲೆಗೆ ಮೂವತ್ತು ರೂಪಾಯಿ. ಅವಳು ಕೆಲಸ ಕಲಿಯುವ ಸಣ್ಣ ಕಿವಿ ದವಾಖಾನೆ ಅಲ್ಲಿದೆ.

"ಅಜ್ಜಿ, ಇವತ್ತು ನೀನೇ ನನ್ನ ರೋಗಿ" ಎಂದಳು.

ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ. ಕುಳಿತರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿದಾಗಷ್ಟೇ ಒತ್ತು" ಎಂದು ಹೇಳಿ ಗಾಜಿನಾಚೆ ಹೋದಳು.

ಬಲಗಿವಿಯಲ್ಲಿ ಹಕ್ಕಿಮರಿ ಕೂಗಿದಂತೆ ಕೇಳಿತು. ಎಡಗಿವಿಯಲ್ಲಿ ಏನೂ ಇಲ್ಲ. ಆಚೆ ಹುಡುಗಿ ಏನೋ ಬರೆದುಕೊಳ್ಳುತ್ತಿದ್ದಾಳೆ. ನಾನು ಸುಮ್ಮನೆ ಕುಳಿತರೆ ಇವಳ ಅಂಕ ಹೋದೀತೆಂದು ಹೆದರಿ ಒತ್ತಿದೆ, ಮತ್ತೆ ಒತ್ತಿದೆ, ಒತ್ತುತ್ತಲೇ ಹೋದೆ.

ಗೌರಿ ಬಾಗಿಲು ತೆರೆದಳು. "ಅಜ್ಜಿ, ನಾ ಮಷೀನ್ ಬಂದ್ ಮಾಡಿ ಎರಡು ಮಿನಿಟ್ ಆತು!"

"ನಿನ್ನ ಪಾಸ್ ಮಾಡಸಾಕ ಒತ್ತಿದ್ನೆವ್ವಾ."

ನಕ್ಕು ನಕ್ಕು ನೆಲಕ್ಕೇ ಕುಳಿತಳು. ಆಮೇಲೆ ನಗು ನಿಂತಿತು. "ಸಚ್ ಬೋಲೋ ಅಜ್ಜಿ, ಖರೇ ಹೇಳು, ಎಡಕ್ಕ ಯಾವಾಗಿಂದ ಕೇಳಂಗಿಲ್ಲ?"

ಯಾರಿಗೂ ಹೇಳದ್ದನ್ನು ಹೇಳಿದೆ. ಎಂಟು ವರ್ಷ. ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು, ಎಲ್ಲದಕ್ಕೂ ಹೂಂಗುಟ್ಟುತ್ತ ದಿನ ದೂಡಿದ್ದೆ. ಅವಳು ಕೈ ಹಿಡಿದು ಮೊದಲಿನಿಂದ ಮತ್ತೆ ಕೂರಿಸಿದಳು. ಈ ಸಲ ಕೇಳಿದಾಗಷ್ಟೇ ಒತ್ತಿದೆ. ಹೊರಗೆ ಬಂದು ಇಬ್ಬರೂ ಮಣ್ಣಿನ ಲೋಟದಲ್ಲಿ ಲಸ್ಸಿ ಕುಡಿದೆವು.

ಸಂದರ್ಶನದಲ್ಲಿ ಅದನ್ನೇ ಕೇಳಬೇಕೇ! ಸದ್ದು ಕೇಳದಿದ್ದರೂ ರೋಗಿ ಕೇಳಿತು ಅಂದರೆ ಏನು ಮಾಡುವೆ ಅಂದರಂತೆ. "ಬೈಯಂಗಿಲ್ಲ, ಯಾಕ ಹೆದರ್ಯಾರ ಅಂತ ಮೊದಲು ಕೇಳ್ತೀನಿ ಅಂದೆ ಅಜ್ಜಿ. ನಿನ್ನ ಕತಿನೂ ಹೇಳಿದೆ" ಎಂದಳು.

ವಾರ ಕಳೆದು ಮಧ್ಯಾಹ್ನ ಫಲಿತಾಂಶ ಬಂತು. ಸಂಜೆ ನಾನು ತಂದ ಜೋಳದ ಹಿಟ್ಟಿನಿಂದ ಸೊಸೆ ರೊಟ್ಟಿ ಬಡಿದಳು. ಎಣ್ಣೆಗಾಯಿ, ಶೇಂಗಾ ಚಟ್ನಿ, ಬನಾರಸಿನ ಲಂಗಡಾ ಮಾವು. ಎಲ್ಲರೂ ನೆಲದ ಮೇಲೆ ಸುತ್ತ ಕುಳಿತೆವು. ಗೌರಿ ತನ್ನ ತಾಟು ಎತ್ತಿಕೊಂಡು ನನ್ನ ಬಲಕ್ಕೆ ಬಂದಳು. ಎಡಕ್ಕಿದ್ದ ಮಗ ಏನೋ ಅಂದ. ಹೂಂ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಕೇಳಲಿಲ್ಲಪ್ಪಾ. ಇನ್ನೊಮ್ಮೆ ಹೇಳು" ಎಂದೆ.

"ಇನ್ನೊಂದು ಹಣ್ಣು ಹೆಚ್ಚಲೇನವ್ವಾ?"

"ಹೆಚ್ಚು" ಎಂದೆ.