ಅಪ್ಪನಿಗೆ ಕೋಸಂಬರಿ

ಸ್ಕಾರ್‌ಬರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮೆಕ್ಸಿಕೋದ ಒಬ್ಬ ಅಜ್ಜಿ ಇದ್ದಾರೆ. ಒಂದು ವರ್ಷ ದೀಪಾವಳಿ ತಡವಾಗಿ ಬಂದಿತ್ತು. ಅಜ್ಜಿಯ ಬಾಗಿಲಿಗೆ ಚೆಂಡುಹೂವಿನ ಹಾರ ಕಂಡದ್ದೇ ತಡ, ಪರವಾಗಿಲ್ಲವೇ, ನಮ್ಮ ಹಬ್ಬ ಇವರಿಗೂ ಹತ್ತಿದೆ ಎಂದು ಬೀಗಿ, ಸ್ವೀಟ್ ಬಾಕ್ಸು ಹಿಡಿದು 'ಹ್ಯಾಪಿ ದಿವಾಲಿ' ಎನ್ನುತ್ತ ಒಳನುಗ್ಗಿದೆ. ಜಗತ್ತಿಗೆಲ್ಲ ನಾವೇ ಹಬ್ಬ ಕಲಿಸಿದ್ದು ಎಂಬ ಜಂಬ ನಮಗೆ ಹುಟ್ಟಿನಿಂದಲೇ ಬಂದದ್ದು.

ಒಳಗೆ ಮೇಜಿನ ಮೇಲೆ ಅಜ್ಜಿಯ ಗಂಡನ ಫೋಟೋ. ಮುಂದೆ ಖಾರದ ಕೋಳಿಸಾರು, ಸಿಹಿ ಬ್ರೆಡ್ಡು, ಸಿಗರೇಟು, ಒಂದು ಗ್ಲಾಸು ಟಕೀಲಾ. ಹಾರ ದೀಪಾವಳಿಯದ್ದಲ್ಲ, ಅವರೂರಿನ ಹಿರಿಯರ ಹಬ್ಬದ್ದು; ಸತ್ತವರು ಈ ದಿನ ಊಟಕ್ಕೆ ಬರುತ್ತಾರಂತೆ, ಅವರಿಗೆ ಇಷ್ಟವಾದದ್ದನ್ನೇ ಇಡಬೇಕಂತೆ. ಅಯ್ಯೋ ಶಿವನೇ, ಇದು ನಮ್ಮ ಎಡೆಯೇ! ಮಂಡ್ಯದ ನಮ್ಮ ಮನೆಯಲ್ಲಿ ತಾತನಿಗೆ ಮುದ್ದೆ, ಕೋಳಿಸಾರು, ಬ್ರಾಂದಿ, ಬೀಡಿ ಇಡುತ್ತಿದ್ದವರು ಅಪ್ಪ. ಅಜ್ಜಿಗೆ ಅದನ್ನು ಹೇಳಿ, ಈಗ ಅಪ್ಪನೂ ಇಲ್ಲ ಎಂದೆ.

"ನಿಮ್ಮಪ್ಪನಿಗೆ ಏನಿಡ್ತೀಯ?" ಎಂದು ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು.

"ಹಣ್ಣು, ಹಾಲು, ಕೋಸಂಬರಿ."

"ಪಾಪ, ಹೊಟ್ಟೆ ಸರಿ ಇರಲಿಲ್ವಾ?"

ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಮೆತ್ತಗಿದ್ದದ್ದು ನನ್ನ ಧೈರ್ಯ. ಈ ದೇಶಕ್ಕೆ ಬಂದ ಹೊಸದರಲ್ಲಿ ರಿಚ್ಮಂಡ್ ಹಿಲ್ಲಿನ ಸಸ್ಯಾಹಾರಿ ಕನ್ನಡದವರು ಮನೆಗೊಂದು ಅಡುಗೆ ತಂದು ಸೇರಿದ್ದ ಪಾಟ್‌ಲಕ್ಕಿನಲ್ಲಿ ಯಾರೋ ಕೇಳಿದಾಗ 'ನಾವು ಪ್ಯೂರ್ ವೆಜ್' ಎಂದುಬಿಟ್ಟಿದ್ದೆ. ಅಂದಿನಿಂದ ಚಿಕನ್ನು ಬೇಸ್‌ಮೆಂಟಿನ ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಕೆಳಗೆ ಭೂಗತ. ನಾವು ಕದ್ದಾದರೂ ತಿನ್ನುತ್ತೇವೆ. ಹಬ್ಬಕ್ಕೆ ಆ ಪಾಟ್‌ಲಕ್ಕಿನ ಜನ ಮನೆಗೆ ಬರುತ್ತಾರೆಂದು ಅಪ್ಪನಿಗೆ ಮಾತ್ರ ಎಂಟು ವರ್ಷದಿಂದ ಸೌತೆಕಾಯಿ. ಬದುಕಿದ್ದಾಗ ಅದನ್ನು ಕಂಡರೆ "ನಾನೇನು ದನವೇನ್ಲಾ?" ಎನ್ನುತ್ತಿದ್ದ ಮನುಷ್ಯ!

ನಾಚಿಕೆಯಾಗಿ ಅಜ್ಜಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. "ಫೋಟೋ ತಗೊಂಬಾ" ಎಂದರು. ತಂದುಕೊಟ್ಟೆ. ಗಂಡನನ್ನು ಕೊಂಚ ಸರಿಸಿ, ಪಕ್ಕದಲ್ಲಿ ಅಪ್ಪನನ್ನು ಕೂರಿಸಿ, ಮುಂದೆ ಕೋಳಿಸಾರು, ಗ್ಲಾಸು, ಸಿಗರೇಟು ಇಟ್ಟರು.

ಮನೆಗೆ ಬಂದರೆ ಹೆಂಡತಿ ಹಣ್ಣು, ಕೋಸಂಬರಿ ಜೋಡಿಸಿಟ್ಟು ಕಾಯುತ್ತಿದ್ದಳು. "ಏನ್ರೀ, ಮಾವನ ಫೋಟೋ ಎಲ್ಲಿ? ಇನ್ನರ್ಧ ಗಂಟೇಲಿ ಗೆಸ್ಟ್ಸ್ ಬರ್ತಾರೆ!"

ಓಡಿದೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಈಗ ತಾನೇ ಊಟಕ್ಕೆ ಕೂತಿದ್ದಾರೆ. ಎಬ್ಬಿಸ್ತೀಯಾ?"

ಬರಿಗೈಲಿ ವಾಪಸು ಬಂದೆ.

ಬಂದ ಜನ ಕೋಸಂಬರಿ ತಿಂದು ಹೊಗಳಿದರು. ಕೊನೆಗೆ ಒಬ್ಬರು ಮೇಜಿನ ಮೇಲೆ ಫೋಟೋದ ಖಾಲಿ ಜಾಗ ನೋಡಿ, "ನಿಮ್ ಫಾದರ್ ಫೋಟೋ ಇಲ್ವಲ್ಲ ಸಾರ್?" ಎಂದರು. ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಅಪ್ಪ ಪಕ್ಕದ್ಮನೇಲಿ ಕೋಳಿಸಾರು ಉಣ್ತಾವ್ರೆ," ಎಂದೆ.