ಕೂರಿಗೆಯ ವಚನ, ಅತ್ತೆಯ ಸರದಿ

ಬನವಾಸಿ ಕಡೆಯ ನಮ್ಮೂರಿನಲ್ಲಿ ಶ್ರಾವಣವಿಡೀ ಸಂಜೆ ಒಂದೊಂದು ಮನೆಯಲ್ಲಿ ವಚನ ಓದುವ ರೂಢಿಯಿದೆ. ಯಾರ ಮನೆಯ ಸರದಿಯೋ ಆ ಮನೆಯ ಹೆಂಗಸು ಒಂದು ವಚನ ಓದಿ, ತನಗೆ ತಿಳಿದ ಅರ್ಥವನ್ನು ನಾಲ್ಕು ಮಾತಿನಲ್ಲಿ ಹೇಳುತ್ತಾಳೆ. ಆಮೇಲೆ ಮಂಡಕ್ಕಿ, ಚಹಾ. ನನ್ನ ಸೋದರತ್ತೆ ಏಳು ವರ್ಷದಿಂದ ಓದಿರಲಿಲ್ಲ. ಅವಳ ಸರದಿ ಬಂದರೆ ಪಕ್ಕದ ಮನೆಯವರು ಓದುತ್ತಿದ್ದರು, ಅವಳು ಒಳಗೆ ಚಹಾ ಕಾಸುತ್ತಿದ್ದಳು. ಅದಕ್ಕೆ ಕಾರಣ ನಾನು ಎಂಬುದು ಈ ವರ್ಷವಷ್ಟೇ ಖಾತ್ರಿಯಾಯಿತು.

ನನ್ನ ನೆನಪು ಬೇರೆಯೇ ಇತ್ತು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಬಂದ ವರ್ಷ ಅತ್ತೆ ಒಂದು ವಚನ ಓದಿದಳು, ನಾನು ಒಂದೆರಡು ಮಾತು ಸೇರಿಸಿದೆ, ಎಲ್ಲರೂ ನಕ್ಕೆವು. ಇಷ್ಟೇ. ಆದರೆ ಕಳೆದ ತಿಂಗಳು ಯಲ್ಲಾಪುರದಲ್ಲಿ ಬಾಡಿಗೆ ಮನೆ ಬದಲಿಸುವಾಗ ಆ ವರ್ಷದ ಡೈರಿ ಸಿಕ್ಕಿತು. ಅದರಲ್ಲಿ ನನ್ನದೇ ಅಕ್ಷರದಲ್ಲಿ, "ಅತ್ತೆ ತಪ್ಪು ಅರ್ಥ ಹೇಳಿದಳು. ತಿದ್ದಿದೆ. ವಚನ ಹಾಗೆಲ್ಲ ಓದಿದ ಕೂಡಲೇ ತಿಳಿಯುವುದಲ್ಲ, ವ್ಯಾಖ್ಯಾನ ಬೇಕು ಎಂದೆ. ಎಲ್ಲರೂ ಸುಮ್ಮನೆ ಕೇಳಿದರು" ಎಂದಿತ್ತು. ನಗುವಿನ ಸುದ್ದಿಯೇ ಇಲ್ಲ. ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ, ನಕ್ಕದ್ದನ್ನು ಬರೆಯಲು ಮರೆತೆನೋ ಹೇಳಲಾರೆ. ಡೈರಿ ಬರೆದವಳೂ ನಾನೇ, ಅದನ್ನೂ ಪೂರ್ತಿ ನಂಬುವಂತಿಲ್ಲ.

ಆ ವಚನದ ಸಾರ ಇಷ್ಟು: ಬಿತ್ತನೆಯ ಕೂರಿಗೆಗೆ ಕಾಳು ಬಿಡುವ ಕೈ ಎಲ್ಲಿ ಮೈಮರೆಯಿತೆಂದು ಮೊಳಕೆ ಬಂದ ಮೇಲೆ ನೆಲ ತೋರಿಸುತ್ತದೆ. ನಾನು ಅದನ್ನು ಮನಸ್ಸಿಟ್ಟು ಓದಿದ್ದು ವಿಶ್ವವಿದ್ಯಾಲಯದಲ್ಲಿ, ಒಂದು ಹಳೆಯ ಇಂಗ್ಲಿಷ್ ಅನುವಾದದಲ್ಲಿ. ಈಗ ಇಂಗ್ಲಿಷಿನವರೂ ಆಡದ 'ದೌ', 'ದೀ'ಗಳ ನಡುವೆ ಕೂರಿಗೆ ನೇಗಿಲಾಗಿತ್ತು, ಕಾಳು ಬಿಡುವ ಕೈ ದೇವರ ಕೈಯಾಗಿತ್ತು. ದೇಹವೇ ಹೊಲ, ಮನಸ್ಸೇ ನೇಗಿಲು ಎಂದು ನಾನು ಆ ಹೆಂಗಸರಿಗೆ ಪಾಠ ಮಾಡಿದ್ದೆ.

ಈ ಸಲ ಅತ್ತೆಯ ಸರದಿಯ ದಿನ ನಾನು ಕಲಿಸುವ ಕಾಲೇಜಿಗೆ ರಜೆ ಹಾಕಿ, ಶಿರಸಿಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅತ್ತಿ, ಇವತ್ತ ನೀನ ಓದಬೇಕು."

"ಯಾಕ, ಮತ್ತ ತಿದ್ದಾಕ ಬಂದಿಯೇನು?"

ಡೈರಿ ತೆಗೆದು ಆ ಸಾಲುಗಳನ್ನು ಓದಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಬರದೂ ಇಟ್ಟೀಯಲ್ಲ, ಪುಣ್ಯಾತ್ಗಿತ್ತಿ. ನಾ ನಾಕನೇತ್ತ ಕಲ್ತಾಕಿ. ನನ್ನ ಬಾಯಾಗ ಶರಣರ ಮಾತು ಕೆಡೂದು ಬ್ಯಾಡಂತ ಬಿಟ್ನಿ." ಆರಿಸಿದ ಕಲ್ಲು ಆಚೆ ಎಸೆದು ಕೇಳಿದಳು, "ಆ ಇಂಗ್ಲೀಷಿನ್ಯಾಗ ಏನೈತಿ, ಕನ್ನಡದಾಗ ಹೇಳ ನೋಡೂಣು."

ಹೇಳಿದೆ. ನೇಗಿಲು ಅಂದಾಗ ಅವಳ ಕೈ ನಿಂತಿತು.

"ನೇಗಲದಾಗ ಕಾಳು ಯಾವಾಕಿ ಬಿಡ್ತಾಳ? ಪುಸ್ತಕ ಬರದಾಂವ ಹೊಲಾನ ನೋಡಿಲ್ಲೇನು?"

"ನೋಡಿಲ್ಲ ಅನಸ್ತೈತಿ."

"ಅಂವ ನೋಡಿಲ್ಲ ಬಿಡು, ಪರಊರಾಂವ. ನೀ ನನ್ನ ಸೆರಗ ಹಿಡಕೊಂಡು ಕೂರಿಗಿ ಹಿಂದ ಅಡ್ಡಾಡಿದಾಕಿ."

ಎತ್ತಿನ ಹಿಂದೆ ನಡೆಯುತ್ತ ಅವಳು ಕೂರಿಗೆಯ ಬಟ್ಟಲಿಗೆ ಭತ್ತ ಬಿಡುತ್ತಿದ್ದದ್ದು, ಬಿದಿರ ಕೊಳವೆಯಲ್ಲಿ ಕಾಳು ಇಳಿಯುವ ಸದ್ದು, ಎಲ್ಲ ನೆನಪಾಯಿತು. ಅವಳು ಹೇಳಿದ್ದಕ್ಕೇ ನೆನಪಾಯಿತೋ ಏನೋ. ಇಷ್ಟು ನೋಡಿದವಳು ಆ ದಿನ ನೇಗಿಲು ಎಂದು ಹೇಗೆ ಹೇಳಿದೆ? ಅಚ್ಚಾದ ಇಂಗ್ಲಿಷಿನ ಮುಂದೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ.

ಸಂಜೆ ಹತ್ತು ಹನ್ನೆರಡು ಹೆಂಗಸರು ಬಂದರು. ಪಕ್ಕದ ಮನೆಯವರು ಪುಸ್ತಕಕ್ಕೆ ಕೈಚಾಚಿದರು. ಅತ್ತೆ ಕೊಡಲಿಲ್ಲ. ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಎರಡು ಕಡೆ ತಡವರಿಸಿ ಓದಿ ಮುಗಿಸಿದಳು.

"ಕಾಳು ಬಿಡೂ ಮುಂದ ಒಂದೀಟು ಮಾತಿಗಿ ನಿಂತ್ರ ಆವಾಗ ಯಾರಿಗೂ ಕಾಣಂಗಿಲ್ಲ. ಎಂಟ ದಿನಕ್ಕ ಸಾಲಿನ್ಯಾಗ ತೆರವು ಕಾಣ್ತೈತಿ. ನಾವು ಆಡಿದ್ದೂ ಹಂಗ, ಮಾಡಿದ್ದೂ ಹಂಗ. ನನಗ ತಿಳದದ್ದು ಇಷ್ಟ."

ಪಕ್ಕದ ಮನೆಯವರು ನನ್ನತ್ತ ತಿರುಗಿದರು. "ಏನ್ರೀ ಪ್ರೊಫೆಸರಬಾಯಾರ, ಬರೋಬ್ಬರಿ ಆತೋ ಇಲ್ಲೋ?"

"ಬರೋಬ್ಬರಿ ಐತ್ರಿ. ಅವತ್ತ ನಾ ಹೇಳಿದ್ದ ತಪ್ಪು."

"ತೆರವು ಬಿದ್ದಲ್ಲಿ ಏನ ಮಾಡೂದಂತ ವಚನದಾಗ ಇಲ್ಲಲ್ಲ?" ಎಂದರು ಇನ್ನೊಬ್ಬರು.

"ಅದನ್ನೂ ಶರಣರ ಹೇಳಬೇಕೇನವ್ವಾ? ದಟ್ಟ ಇದ್ದಲ್ಲಿಂದ ಸಸಿ ಕಿತ್ತು ಹಚ್ಚೂದು. ನಾಳೆ ನಮ್ಮ ಹೊಲದಾಗ ಅದ ಕೆಲಸ. ಇಕಿನ್ನೂ ಕರಕೊಂಡ ಹೊಕ್ಕೀನಿ," ಎಂದಳು ಅತ್ತೆ. ಈ ಸಲ ಎಲ್ಲರೂ ನಕ್ಕರು.

ಎಲ್ಲ ವಚನವೂ ಹೀಗೆ ತಿಳಿಯುತ್ತದೆಂದು ನಾನು ಹೇಳುವುದಿಲ್ಲ. ಚಹಾ ಕುಡಿಯುತ್ತ ಮುಂದಿನ ಪುಟದ್ದನ್ನು ಇಬ್ಬರೂ ಎರಡೆರಡು ಸಲ ಓದಿದೆವು. ನನ್ನ ಎಂ.ಎ.ಗೂ ಸಿಗಲಿಲ್ಲ, ಅವಳ ಹೊಲಕ್ಕೂ ಸಿಗಲಿಲ್ಲ.

"ಇರಲಿ, ವರ್ಷ ಐತಿ," ಎಂದು ಅತ್ತೆ ನನ್ನ ಬಸ್ ಟಿಕೀಟನ್ನು ಆ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದಳು. "ಮುಂದಿನ ಶ್ರಾವಣಕ್ಕ ಇದನ್ನ ಓದ್ತೀನಿ."