ಗೇಟು ಮುಚ್ಚಲು ಒಪ್ಪದ ವಕೀಲೆ

ಅಮೆರಿಕದ ಮೇನ್ ರಾಜ್ಯದ ಉತ್ತರ ತುದಿಯ ನಮ್ಮ ಜಿಲ್ಲೆಯಲ್ಲಿ ಭೂಮಿಯ ವ್ಯಾಜ್ಯಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಶ್ರೀಮತಿ ವಿನಿಫ್ರೆಡ್ ಪೆಲ್ಕಿಯವರದು. ತಮ್ಮ ಹೊಲ, ಗುಡ್ಡ, ಕೆರೆಗಳನ್ನು ಊರವರ ಆಟಕ್ಕೂ ಬೇಟೆಗೂ ಮೀನು ಹಿಡಿಯುವುದಕ್ಕೂ ಬಿಟ್ಟುಕೊಟ್ಟ ರೈತರ ಪರವಾಗಿ ನಲವತ್ತೊಂದು ವರ್ಷ ವಾದಿಸಿದ ಅವರು ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಿರಿಯ ವಕೀಲನಾಗಿ ದುಡಿದವನೆಂದು ಈ ಅಭಿನಂದನಾ ಸಂಪುಟದ ಸಂಪಾದಕ ಮಂಡಳಿಯವರು ನನ್ನಿಂದ ಈ ಲೇಖನವನ್ನು ಬಯಸಿದರು; ಜೊತೆಗೆ, ಒಂದು ಮೊಕದ್ದಮೆಯ ಪ್ರಸ್ತಾಪ ಮಾತ್ರ ಬೇಡವೆಂದು ನಯವಾಗಿ ಸೂಚಿಸಿದರು. ಅಭಿನಂದನೆಯ ಹೊತ್ತಿನಲ್ಲಿ ಹಳೆಯ ನೋವನ್ನು ಕೆದಕುವುದು ಸಭ್ಯವಲ್ಲವಂತೆ. ನಾನು ಆ ಮೊಕದ್ದಮೆಯನ್ನೇ ಬರೆಯುತ್ತೇನೆ. ಅದರಲ್ಲಿ ಸೋತ ವಾದಿ ನಾನೇ ಆದ್ದರಿಂದ ಬರೆಯುವ ಹಕ್ಕೂ ನನ್ನದೇ.

ಮೂವತ್ತನಾಲ್ಕು ವರ್ಷಗಳ ಹಿಂದಿನ ಮಾತು. ಆಲೂಗಡ್ಡೆ ಬೆಳೆಯುತ್ತಿದ್ದ ಆರ್ಮಂಡ್ ಸೂಸಿಯವರ ಹೊಲದ ಹಿಂದೆ ಒಂದು ಗುಡ್ಡವಿತ್ತು. ಹಿಮ ಬಿದ್ದರೆ ಊರಿಗೆ ಊರೇ ಹಿಮದ ಮೇಲೆ ಜಾರುವ ಪುಟ್ಟ ಬಂಡಿ ಹೊತ್ತು ಅಲ್ಲಿ ಸೇರುತ್ತಿತ್ತು. ಯಾರೂ ಅನುಮತಿ ಕೇಳುತ್ತಿರಲಿಲ್ಲ, ಅವರೂ ಕೇಳಲಿ ಎಂದು ಬಯಸಿದವರಲ್ಲ. ಆ ಜನವರಿಯ ಒಂದು ಭಾನುವಾರ ಇಳಿಜಾರಿನ ಕೊನೆಗಿದ್ದ ಕಲ್ಲುಗೋಡೆಯ ಪಕ್ಕ, ಹಿಮದಡಿ ಹೂತಿದ್ದ, ಹೆಂಟೆ ಒಡೆಯುವ ಕಬ್ಬಿಣದ ಹಲುಬೆಗೆ ನನ್ನ ಬಂಡಿ ಬಡಿಯಿತು. ಬಲ ಮೊಣಕಾಲು ಚೂರಾಯಿತು. ನನಗಾಗ ಇಪ್ಪತ್ತೆರಡು, ಮರದ ಮಿಲ್ಲಿನಲ್ಲಿ ದಿನವಿಡೀ ನಿಂತು ಮಾಡುವ ಕೆಲಸ. ಅಕ್ಕನ ಗಂಡ ಬ್ಯಾಂಗೋರ್‌ನಿಂದ ವಕೀಲರೊಬ್ಬರನ್ನು ಕರೆತಂದ. ಅವರು ತೋರಿಸಿದಲ್ಲೆಲ್ಲ ನಾನು ಸಹಿ ಹಾಕಿದೆ.

ಕಾಸು ಪಡೆಯದೆ ಜನರನ್ನು ತನ್ನ ನೆಲಕ್ಕೆ ಬಿಟ್ಟುಕೊಂಡವನು ಅಲ್ಲಿ ಆದ ಅಪಘಾತಕ್ಕೆ ಹೊಣೆಯಲ್ಲ, ಬೇಕೆಂದೇ ದುರುದ್ದೇಶದಿಂದ ಅಪಾಯವನ್ನು ಮುಚ್ಚಿಟ್ಟಿದ್ದರೆ ಮಾತ್ರ ಹೊಣೆ ಎಂಬುದು ನಮ್ಮಲ್ಲಿನ ಕಾನೂನು. ಸೂಸಿ ಮುಚ್ಚಿಟ್ಟರು ಎಂಬುದು ನಮ್ಮ ದಾವೆಯ ತಿರುಳು. ಸುದ್ದಿ ಹಬ್ಬಿದ ತಿಂಗಳೊಳಗೆ ಹದಿನಾಲ್ಕು ಹೊಲಗಳ ಗೇಟಿಗೆ 'ಪ್ರವೇಶವಿಲ್ಲ' ಎಂಬ ಹಲಗೆ ಬಿತ್ತು. ಕೆರೆಯ ದಾರಿ ಹೋಯಿತು, ಜಿಂಕೆ ಬೇಟೆಯ ಕಾಡು ಹೋಯಿತು. ರಾಜಿ ಮಾಡಿಕೊಳ್ಳಿ, ಗುಡ್ಡವನ್ನು ಶಾಶ್ವತವಾಗಿ ಮುಚ್ಚಿ, ಇಲ್ಲವಾದರೆ ನಮ್ಮ ಆಸರೆ ನಿಮಗಿಲ್ಲ ಎಂದು ವಿಮೆ ಕಂಪನಿಯವರು ಸೂಸಿಯವರಿಗೆ ಬರೆದರು. ಹಲುಬೆ ಅಲ್ಲಿದ್ದದ್ದೇ ಗೊತ್ತಿರಲಿಲ್ಲ ಎಂದುಬಿಡಿ ಎಂದು ಹಿತೈಷಿಗಳು ಕಿವಿಯೂದಿದರು. ಇಡೀ ಊರಿನ ಆಟ ಒಬ್ಬ ಮುದುಕನ ಮಾತಿನ ಮೇಲೆ ನಿಂತಿತ್ತು.

ತಮ್ಮ ಅಡುಗೆಮನೆಯಲ್ಲಿ ತಮ್ಮ ವಕೀಲೆ ಶ್ರೀಮತಿ ಪೆಲ್ಕಿಯವರೊಂದಿಗೆ ನಡೆದ ಮಾತನ್ನು ಸೂಸಿಯವರೇ ಮುಂದೆ ನನಗೆ ಹೇಳಿದರು.

"ವಿನ್ನಿ, ಅದನ್ನ ಗೋಡೆಗೆ ಒರಗಿಸಿದ್ದು ನಾನೇ. ಅಕ್ಟೋಬರ್‌ನಲ್ಲಿ. ಆಮೇಲೆ ಮರೆತೇಬಿಟ್ಟೆ. ಇದನ್ನ ಕೋರ್ಟಲ್ಲಿ ಹೇಳಿದ್ರೆ ನನ್ನ ಕಥೆ ಮುಗೀತು."

"ಹಾಗೇ ಹೇಳ್ತೀರ, ಆರ್ಮಂಡ್. ಮರೆಯೋದು ಬೇರೆ, ಮುಚ್ಚಿಡೋದು ಬೇರೆ. ಸುಳ್ಳು ಹೇಳಿದ ದಿನ ನಿಜವಾಗ್ಲೂ ಮುಚ್ಚಿಟ್ಟ ಹಾಗಾಗತ್ತೆ."

"ಗುಡ್ಡ ಮುಚ್ಚು ಅಂತಿದಾರಲ್ಲ?"

"ನಿಮಗೆ ಮುಚ್ಚೋ ಮನಸ್ಸಿದೆಯಾ?"

"ನಮ್ಮಪ್ಪ ಮುಚ್ಚಿರಲಿಲ್ಲ."

"ಹಾಗಾದ್ರೆ ಆಗಲ್ಲ ಅಂತ ಅವರಿಗೆ ಕಾಗದ ಬರೀತೀನಿ."

ವೃತ್ತಿಗೆ ಬಂದು ಏಳೇ ವರ್ಷವಾಗಿದ್ದ ವಕೀಲೆಯೊಬ್ಬರು ತಮ್ಮ ಕಕ್ಷಿದಾರರ ಮನೆ, ಹೊಲಗಳನ್ನು ಒಂದು ನಿಜದ ಮೇಲೆ ಪಣವಿಟ್ಟರು. ಸೂಸಿ ಕಟಕಟೆಯಲ್ಲಿ ನಿಂತು, ಇಟ್ಟದ್ದು ನಾನೇ, ಮರೆತದ್ದೂ ನಾನೇ ಎಂದಾಗ ನನ್ನ ವಕೀಲರು ಗೆದ್ದೆವೆಂಬಂತೆ ನನ್ನ ಕಡೆ ನೋಡಿದರು. ಆಮೇಲೆ ಶ್ರೀಮತಿ ಪೆಲ್ಕಿಯವರು ನನ್ನನ್ನು ಪ್ರಶ್ನಿಸಲು ಎದ್ದರು. ಎಷ್ಟು ವರ್ಷದಿಂದ ಅಲ್ಲಿ ಜಾರುತ್ತಿದ್ದೀರಿ ಎಂದರು. ಆರರ ವಯಸ್ಸಿನಿಂದ ಎಂದೆ. ಸೂಸಿಯವರು ಪ್ರತಿಯಾಗಿ ಏನಾದರೂ ಕೇಳಿದ್ದುಂಟೇ ಎಂದರು. ಹಸು ಆಚೆ ಬರುತ್ತೆ, ಗೇಟು ಎಳ್ಕೊಂಡು ಹೋಗಿ ಎನ್ನುತ್ತಿದ್ದರು ಎಂದೆ, ಜನ ನಕ್ಕರು. ಅವರು ನಗಲಿಲ್ಲ.

"ನಿಮಗೆ ಪೆಟ್ಟಾಗ್ಲಿ ಅಂತಲೇ ಅವರು ಅದನ್ನ ಅಲ್ಲಿ ಬಿಟ್ಟರು ಅಂತ ನೀವು ನಂಬ್ತೀರಾ, ಲಿಯೋನ್?"

ನನ್ನ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಉತ್ತರಿಸಿ ಎಂದರು. ಗೊತ್ತಿಲ್ಲ ಎನ್ನಬಹುದಿತ್ತು, ಹಾಗೆ ಹೇಳೆಂದು ಕಲಿಸಿಯೂ ಇದ್ದರು. ಮುಂದಿನ ಸಾಲಿನಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಸೂಸಿ ನನ್ನನ್ನೇ ನೋಡುತ್ತಿದ್ದರು. "ಇಲ್ಲ" ಎಂದೆ. ತೀರ್ಪು ನೀಡಲು ಕೂತಿದ್ದ ಪಂಚರು ಮುಕ್ಕಾಲು ಗಂಟೆಯಲ್ಲಿ ಹೊರಬಂದು ನನ್ನ ದಾವೆಯನ್ನು ತಳ್ಳಿಹಾಕಿದರು.

ನಾನು ಆಕೆಯನ್ನು ಮನಸಾರೆ ದ್ವೇಷಿಸಿದೆ. ತೀರ್ಪಾದ ಹನ್ನೊಂದನೆಯ ದಿನ ಅವರು ಕಾಕಂಬಿ ಹಾಕಿ ಬೇಯಿಸಿದ ಹುರುಳಿಕಾಯಿ ಬೀಜದ ಮಡಕೆ ಹಿಡಿದು ನಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಅಮ್ಮ ಒಳಗೆ ಕರೆಯಲಿಲ್ಲ.

"ಸೋಲಿಸಿದ್ದಕ್ಕೆ ಕ್ಷಮೆ ಕೇಳೋಕೆ ಬಂದಿಲ್ಲ," ಎಂದರು ಅವರು. "ನಾಳೆ ಅದೇ ಕೇಸು ಬಂದ್ರೂ ಸೋಲಿಸ್ತೀನಿ. ಮಂಗಳವಾರ ಕಾಲಿನ ಚಿಕಿತ್ಸೆಗೆ ಇವನನ್ನ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ?"

"ಅದು ನಿಮಗ್ಯಾಕೆ?" ಎಂದಳು ಅಮ್ಮ.

"ನನ್ನ ಹತ್ರ ಕಾರಿದೆ."

ಏಳು ತಿಂಗಳು, ಪ್ರತಿ ಮಂಗಳವಾರ, ಹೋಗಲು ನಲವತ್ತು ಮೈಲಿ, ಬರಲು ನಲವತ್ತು ಮೈಲಿ. ಮೊದಲ ತಿಂಗಳು ನಾನು ಬಾಯಿ ಬಿಡಲಿಲ್ಲ. ಬಿಟ್ಟಾಗ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನನ್ನ ಕಾಲಿಗೆ ಯಾರೂ ಹೊಣೆ ಅಲ್ವಾ?"

ಅವರು ಹೇಳಿದರು: "ಯಾರಾದ್ರೂ ಹೊಣೆ ಆಗ್ಲೇಬೇಕು. ಆದ್ರೆ ಗೇಟು ತೆರೆದಿಟ್ಟ ಒಬ್ಬ ಮುದುಕ ಅಲ್ಲ. ಊರೆಲ್ಲ ಆಡಿದ ಗುಡ್ಡ, ಊರೆಲ್ಲ ಹೊರಲಿ."

ಅದು ಬರಿಯ ಮಾತಾಗಿ ಉಳಿಯಲಿಲ್ಲ. ಮುಂದಿನ ಮಾರ್ಚ್‌ನ ಊರ ಸಭೆಯಲ್ಲಿ, ಬಿದ್ದವರ ಆರೈಕೆಯನ್ನು ಊರೇ ವಹಿಸಬೇಕು, ಪ್ರತಿ ಶರತ್ಕಾಲದಲ್ಲಿ ಹಿಮ ಬೀಳುವ ಮುನ್ನ ಆಡಲು ಬರುವವರೇ ಹೊಲಗಳನ್ನೆಲ್ಲ ನಡೆದು ತಂತಿ, ಗುಂಡಿ, ಕಬ್ಬಿಣಗಳನ್ನು ನೋಡಿ ಸರಿಪಡಿಸಬೇಕು ಎಂದು ಅವರು ಠರಾವು ಮಂಡಿಸಿದರು. ಹಿರಿಯ ಪಂಚಾಯಿತಿ ಸದಸ್ಯರೊಬ್ಬರು ಇದು ವಕೀಲರ ತಲೆಹರಟೆ ಎಂದು ಹಂಗಿಸಿದಾಗ, ಊರುಗೋಲು ಹಿಡಿದು ಎದ್ದುನಿಂತವನು ನಾನು. ಏನು ಮಾತಾಡಿದೆನೋ ನೆನಪಿಲ್ಲ. ಠರಾವಿನ ಪರವಾಗಿ ಕೈಗಳು ಮೇಲೆದ್ದದ್ದು ನೆನಪಿದೆ. ಬೇಸಿಗೆಯೊಳಗೆ ಹದಿಮೂರು ಹಲಗೆಗಳು ಇಳಿದವು. ಹದಿನಾಲ್ಕನೆಯ ಗೇಟಿನ ಮಾಲೀಕರಾದ ಟಿಬೆಟ್ಸ್ ಎಂಬವರು ಕೊನೆಗೂ ಒಪ್ಪಲಿಲ್ಲ. ಅವರ ನೆಲ, ಅವರ ಇಷ್ಟ ಎಂದು ಅವರ ಪರವಾಗಿಯೂ ವಾದಿಸಿದವರು ಶ್ರೀಮತಿ ಪೆಲ್ಕಿಯವರೇ. ಆ ಶರತ್ಕಾಲದಲ್ಲಿ ನಾನು ಅವರ ಕಚೇರಿಯ ಕಡತಗಳನ್ನು ಜೋಡಿಸುವ ಕೆಲಸಕ್ಕೆ ಸೇರಿದೆ. ಮುಂದೆ ಕಾನೂನು ಓದಿದ್ದು ಅವರ ಒತ್ತಾಯದಿಂದ.

ಈ ಕಾನೂನು ಗಾಯಗೊಂಡವರಿಗೆ ಅನ್ಯಾಯ ಮಾಡುತ್ತದೆ ಎಂದು ಬರೆಯುವ ಪಂಡಿತರು ಇಂದಿಗೂ ಇದ್ದಾರೆ. ಅವರ ಲೇಖನಗಳನ್ನು ಗೌರವದಿಂದ ಓದಿದ್ದೇನೆ. ಗಾಯಗೊಂಡವನು ನಾನು. ನನ್ನ ಕಾಲನ್ನು ಇಂದಿಗೂ ಪೂರ್ತಿ ಮಡಿಸಲಾಗುವುದಿಲ್ಲ. ಆದರೂ ಹೇಳುತ್ತೇನೆ: ನಾನು ಗೆದ್ದಿದ್ದರೆ ನನ್ನ ಮಕ್ಕಳಿಗೆ ಜಾರಲು ಒಂದು ಗುಡ್ಡವೂ ಉಳಿಯುತ್ತಿರಲಿಲ್ಲ.

ಶ್ರೀಮತಿ ಪೆಲ್ಕಿಯವರಿಗೆ ಶಾಂತವಾದ ವಿಶ್ರಾಂತಿಯನ್ನು ಹಾರೈಸುವುದು ಇಂಥ ಸಂಪುಟಗಳ ರೂಢಿ. ನಾನು ಹಾರೈಸಲಾರೆ. ನದಿಯಂಚಿನ ನೆಲ ಕೊಂಡ ಹೊಸಬರೊಬ್ಬರು ಮೀನು ಹಿಡಿಯುವವರ ದಾರಿಗೆ ಸರಪಳಿ ಕಟ್ಟಿದ್ದಾರೆಂದೂ, ಬರುವ ಸೋಮವಾರ ಅವರ ಮನೆಗೆ ಹೋಗಿ ಮಾತಾಡಬೇಕೆಂದೂ ಮೊನ್ನೆ ಶ್ರೀಮತಿ ಪೆಲ್ಕಿಯವರಿಂದಲೇ ನನಗೆ ಫೋನು ಬಂತು. ನಿವೃತ್ತಿ ಆಗ್ತಿದೀರಲ್ಲ ಎಂದೆ.

"ಫೀಸು ತಗೊಳ್ಳೋದ್ರಿಂದ ನಿವೃತ್ತಿ," ಎಂದರು.

ಈ ಜಿಲ್ಲೆಯಲ್ಲಿ ಸರಪಳಿ ಬಿಗಿದ ಕಟ್ಟಕಡೆಯ ಮಾಲೀಕರೂ ಅವರ ಮಾತಿನಿಂದ ಬೇಸತ್ತು ತಾವಾಗಿಯೇ ಅದನ್ನು ಬಿಚ್ಚುವವರೆಗೆ, ಅದಕ್ಕೆ ಎಷ್ಟೇ ವರ್ಷ ಹಿಡಿದರೂ, ಅವರು ಬಾಳಲಿ.